ಶಾಲೆಯ ಸಮಾನತಾ ಸಮಿತಿಯಲ್ಲಿ ಕುಳಿತು ನಾನು ಏನನ್ನು ಕೇಳಬೇಕು?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷಗಳಾದವು. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ಈ ವರ್ಷ ನಮ್ಮ ಪ್ರದೇಶದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನವರು ಜನಾಂಗೀಯ ಸಮಾನತೆಗಾಗಿ ಒಂದು ಸಲಹಾ ಸಮಿತಿಯನ್ನು ರಚಿಸಿದ್ದಾರೆ. ಪೋಷಕರ ಪರವಾಗಿ ಅದರಲ್ಲಿ ಕುಳಿತಿರುವ ಐವರಲ್ಲಿ ನಾನೂ ಒಬ್ಬಳು.

ಮೊದಲ ಸಭೆಯಲ್ಲಿ ನಮ್ಮ ಮುಂದೆ ಒಂದು ಕೋಷ್ಟಕವನ್ನು ಇಟ್ಟರು. ಮೂರನೇ ತರಗತಿಯ ಮಕ್ಕಳಲ್ಲಿ ಆ ತರಗತಿಗೆ ತಕ್ಕಂತೆ ಓದಬಲ್ಲವರು ಎಷ್ಟು ಮಂದಿ ಎಂಬುದನ್ನು ಬಿಳಿಯ, ಕಪ್ಪು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ), ಏಷ್ಯನ್ ಎಂದು ವಿಂಗಡಿಸಿ ತೋರಿಸುವ ಕೋಷ್ಟಕ ಅದು. ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ಸಾಲುಗಳನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಎಂಟು ವರ್ಷದ ಮಗುವೊಂದು ಪುಟ ತೆರೆದು ಅಕ್ಷರಗಳ ಮುಂದೆ ತಡವರಿಸುವುದನ್ನು ನಾನು ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಓದಿಸುವಾಗ ಹತ್ತಿರದಿಂದ ಕಂಡಿದ್ದೇನೆ. ಆ ಕೋಷ್ಟಕದ ಒಂದೊಂದು ಅಂಕಿಯ ಹಿಂದೆಯೂ ಅಂಥ ಮುಖಗಳೇ ಇವೆ. ಆದರೆ ಕೋಷ್ಟಕವನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಒಂದು ಗಂಟೆಯನ್ನು ಶಿಕ್ಷಕರಿಗೆ ಯಾವ ಕಾರ್ಯಾಗಾರ ನಡೆಸಬೇಕು, ಅದಕ್ಕೆ ಯಾವ ಹೆಸರಿಡಬೇಕು ಎಂಬ ಚರ್ಚೆಯಲ್ಲಿ ಕಳೆದೆವು.

ಮನೆಗೆ ಬಂದ ಮೇಲೆ ಪರಿಚಿತರೊಬ್ಬರು, ನಮ್ಮಂತೆಯೇ ವಲಸೆ ಬಂದವರು, ಕೇಳಿದರು: "ನಾವೂ ಬರಿಗೈಯಲ್ಲಿ ಬಂದವರೇ ಅಲ್ಲವೇ, ನಮ್ಮ ಮಕ್ಕಳು ಓದುತ್ತಾರೆ, ಅವರ ಮಕ್ಕಳಿಗೇಕೆ ಆಗುವುದಿಲ್ಲ?" ಆ ಮಾತು ತಪ್ಪೆಂದು ಅನ್ನಿಸಿತು, ಆದರೆ ಏಕೆ ತಪ್ಪು ಎಂದು ಆ ಕ್ಷಣಕ್ಕೆ ಹೇಳಲಾಗಲಿಲ್ಲ. ನನ್ನ ಮಗಳ ಮುಂದುವರಿದ ಗಣಿತ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ. ಶಾಲೆಯ ಮೂರನೇ ಒಂದು ಭಾಗ ಕಪ್ಪು ಮಕ್ಕಳಾಗಿದ್ದರೂ ಆ ತರಗತಿಯಲ್ಲಿರುವುದು ಒಂದೇ ಒಂದು ಕಪ್ಪು ಮಗು. ಇದನ್ನು ನಾನು ಎರಡು ವರ್ಷದಿಂದ ನೋಡುತ್ತಿದ್ದೆ, ಸಮಿತಿಗೆ ಸೇರುವವರೆಗೂ ಎಣಿಸಿರಲಿಲ್ಲ.

ತಿಳಿದವರು ದಯವಿಟ್ಟು ಹೇಳಿ. ಈ ಅಂತರವನ್ನು ನಿಜವಾಗಿ ಕಡಿಮೆ ಮಾಡಿದ ಕ್ರಮಗಳು ಯಾವುವು? ಸಮಿತಿಯಲ್ಲಿ ಕುಳಿತ ಒಬ್ಬ ಸಾಮಾನ್ಯ ಪೋಷಕಿ ಏನನ್ನು ಕೇಳಿದರೆ ಪ್ರಯೋಜನವಾಗುತ್ತದೆ? ಆ ಪರಿಚಿತರಿಗೆ ಏನೆಂದು ಉತ್ತರಿಸಲಿ?

ಉತ್ತರ 1: ಶಿಕ್ಷಣ ನೀತಿಯ ವಿದ್ಯಾರ್ಥಿ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ. ಈ ಅಂತರ ಎಂದೂ ಕರಗದ ಬಂಡೆಯೆಂದು ಅನೇಕರು ನಂಬಿದ್ದಾರೆ, ಅದು ಸುಳ್ಳು. ನೇಪ್ ಎಂಬ ರಾಷ್ಟ್ರೀಯ ಪರೀಕ್ಷೆಯ ದೀರ್ಘಾವಧಿಯ ಅಂಕಿಗಳ ಪ್ರಕಾರ, 1971ರಲ್ಲಿ ಹದಿಮೂರು ವರ್ಷದ ಬಿಳಿಯ ಮತ್ತು ಕಪ್ಪು ಮಕ್ಕಳ ನಡುವೆ ಓದಿನಲ್ಲಿ 39 ಅಂಕಗಳ ವ್ಯತ್ಯಾಸವಿತ್ತು. 1988ರ ವೇಳೆಗೆ ಅದು 18ಕ್ಕೆ ಇಳಿದಿತ್ತು. ಹದಿನೇಳು ವರ್ಷದವರಲ್ಲಿ 53 ಇದ್ದದ್ದು 20ಕ್ಕೆ ಬಂದಿತ್ತು. ಬಿಳಿಯ ಮಕ್ಕಳ ಅಂಕ ಬಿದ್ದದ್ದರಿಂದ ಹೀಗಾದದ್ದಲ್ಲ, ಕಪ್ಪು ಮಕ್ಕಳ ಅಂಕ ಏರಿದ್ದರಿಂದ ಆದದ್ದು. ಒಂದೇ ತಲೆಮಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುಗ್ಗಿದ ಅಂತರವನ್ನು ಮಕ್ಕಳ ಬುದ್ಧಿಶಕ್ತಿಗೋ ಅವರ ಮನೆಗಳ ಸಂಸ್ಕೃತಿಗೋ ಅಂಟಿಸಲು ಬರುವುದಿಲ್ಲ, ಏಕೆಂದರೆ ಅವೆರಡೂ ಹದಿನೇಳು ವರ್ಷದಲ್ಲಿ ಬದಲಾಗುವಂಥವಲ್ಲ.

ಬದಲಾದದ್ದು ಮಕ್ಕಳಿಗೆ ಸಿಕ್ಕ ಶಾಲೆ. ಬಿಳಿಯ ಮತ್ತು ಕಪ್ಪು ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು 1954ರಲ್ಲಾದರೂ, ದಕ್ಷಿಣದ ರಾಜ್ಯಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 1965ರ ಶಿಕ್ಷಣ ಕಾಯ್ದೆಗಳ ನಂತರ. ಮೊದಲನೆಯದು ಭೇದಭಾವ ಮಾಡುವ ಶಾಲೆಗಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ಹಣ ನಿಲ್ಲಿಸುವ ಅಧಿಕಾರ ಕೊಟ್ಟಿತು, ಎರಡನೆಯದು ಬಡ ಮಕ್ಕಳಿರುವ ಶಾಲೆಗಳಿಗೆ ಫೆಡರಲ್ ಹಣ ಹರಿಸಿತು. ಶಾಲೆಗಳು ಹಣದ ಭಾಷೆಗೆ ಬೇಗ ಓಗೊಟ್ಟವು. ಆ ಕಾಲದಲ್ಲಿ ಬೆಳೆದ ಮಕ್ಕಳ ಬದುಕನ್ನು ಅವರ ಮಧ್ಯವಯಸ್ಸಿನವರೆಗೆ ಹಿಂಬಾಲಿಸಿ ನೋಡಿದ ಅರ್ಥಶಾಸ್ತ್ರಜ್ಞ ರಕರ್ ಜಾನ್ಸನ್ ಅವರಿಗೆ ಕಂಡದ್ದೇನೆಂದರೆ, ಒಗ್ಗೂಡಿಸಿದ ಶಾಲೆಗಳಲ್ಲಿ ಹೆಚ್ಚು ವರ್ಷ ಕಳೆದ ಕಪ್ಪು ಮಕ್ಕಳು ಹೆಚ್ಚು ಓದಿದರು, ಹೆಚ್ಚು ಗಳಿಸಿದರು, ಹೆಚ್ಚು ಆರೋಗ್ಯವಾಗಿದ್ದರು, ಕಡಿಮೆ ಸಂಖ್ಯೆಯಲ್ಲಿ ಜೈಲು ಸೇರಿದರು; ಅದೇ ಶಾಲೆಗಳ ಬಿಳಿಯ ಮಕ್ಕಳಿಗೆ ಯಾವ ನಷ್ಟವೂ ಆಗಲಿಲ್ಲ. ಪಕ್ಕದಲ್ಲಿ ಬಿಳಿಯ ಮಗು ಕುಳಿತದ್ದರಿಂದ ಈ ಲಾಭವಾಯಿತೆಂದು ಯಾರೂ ತಿಳಿಯಬಾರದು. ಬಿಳಿಯ ಮಕ್ಕಳು ಹೋಗುವ ಶಾಲೆಗೆ ಹೋಗುವ ಹಣ, ಚಿಕ್ಕ ತರಗತಿ, ಒಳ್ಳೆಯ ಕಟ್ಟಡ ಇವೆಲ್ಲ ಕಪ್ಪು ಮಕ್ಕಳಿಗೂ ಸಿಕ್ಕಿದವು, ಅಷ್ಟೇ.

ಆಮೇಲೆ ಅಂತರದ ಈ ಇಳಿಕೆ ಏಕೆ ನಿಂತಿತು ಎಂಬುದು ಇನ್ನೂ ಮುಖ್ಯ. 1973 ಮತ್ತು 1974ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಎರಡು ತೀರ್ಪುಗಳನ್ನು ಕೊಟ್ಟಿತು. ಎರಡನೆಯದು ಡೆಟ್ರಾಯಿಟ್ ನಗರಕ್ಕೆ ಸಂಬಂಧಿಸಿದ್ದು: ಬಿಳಿಯರು ನಗರ ಬಿಟ್ಟು ಹೊರವಲಯಕ್ಕೆ ಹೋಗಿ ನೆಲೆಸಿದರೆ, ಆ ಹೊರವಲಯದ ಡಿಸ್ಟ್ರಿಕ್ಟ್‌ಗಳು ತಪ್ಪೆಸಗಿದ್ದು ಸಾಬೀತಾಗದ ಹೊರತು ಒಗ್ಗೂಡಿಕೆಯ ಯೋಜನೆಗೆ ಅವುಗಳನ್ನು ಎಳೆಯುವಂತಿಲ್ಲ ಎಂದಿತು. ಅಂದರೆ ಡಿಸ್ಟ್ರಿಕ್ಟ್‌ನ ಗಡಿಗೆರೆಯೇ ಗೋಡೆಯಾಯಿತು. ಮೊದಲನೆಯದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ್ದು. ಅಲ್ಲಿನ ಎಡ್ಜ್‌ವುಡ್ ಎಂಬ ಬಡ ಡಿಸ್ಟ್ರಿಕ್ಟ್‌ನ ಜನ, ಹೆಚ್ಚಾಗಿ ಮೆಕ್ಸಿಕನ್ ಮೂಲದವರು, ಪಕ್ಕದ ಶ್ರೀಮಂತ ಅಲಾಮೋ ಹೈಟ್ಸ್‌ನವರಿಗಿಂತ ಹೆಚ್ಚಿನ ದರದಲ್ಲಿ ಆಸ್ತಿ ತೆರಿಗೆ ಕಟ್ಟುತ್ತಿದ್ದರು. ಹಾಗಿದ್ದೂ 1967-68ರಲ್ಲಿ ಎಡ್ಜ್‌ವುಡ್‌ನ ಪ್ರತಿ ಮಗುವಿಗೆ ಎಲ್ಲ ಮೂಲಗಳಿಂದ ಸೇರಿ ದೊರೆತದ್ದು 356 ಡಾಲರ್, ಅಲಾಮೋ ಹೈಟ್ಸ್‌ನ ಮಗುವಿಗೆ 594 ಡಾಲರ್. ಮನೆಗಳ ಬೆಲೆಯೇ ಕಡಿಮೆಯಿದ್ದಲ್ಲಿ ತೆರಿಗೆ ದರ ಎಷ್ಟಿದ್ದರೂ ಹುಟ್ಟುವ ಹಣ ಕಡಿಮೆಯೇ. ಇದು ಫೆಡರಲ್ ಸಂವಿಧಾನದ ಉಲ್ಲಂಘನೆಯಲ್ಲ ಎಂದು ಕೋರ್ಟ್ ಹೇಳಿತು. ಅಲ್ಲಿಂದಾಚೆಗೆ ಹಣದ ಹೋರಾಟ ಒಂದೊಂದು ರಾಜ್ಯದ ಕೋರ್ಟಿನಲ್ಲೂ ಬೇರೆ ಬೇರೆಯಾಗಿ ನಡೆಯಬೇಕಾಯಿತು.

ಹಣದಿಂದ ಏನೂ ಆಗುವುದಿಲ್ಲ ಎನ್ನುವವರು ನಿಮ್ಮ ಸಮಿತಿಯಲ್ಲೂ ಇರುತ್ತಾರೆ. ಆ ರಾಜ್ಯ ಮಟ್ಟದ ತೀರ್ಪುಗಳಿಂದ ಹೆಚ್ಚು ಹಣ ಪಡೆದ ಶಾಲೆಗಳ ಮಕ್ಕಳನ್ನು ಜಾನ್ಸನ್ ಅವರೇ ಕಿರಾಬೊ ಜಾಕ್ಸನ್ ಮತ್ತು ಕ್ಲಾಡಿಯಾ ಪರ್ಸಿಕೊ ಅವರ ಜೊತೆ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ಹನ್ನೆರಡು ವರ್ಷಗಳ ಶಾಲಾ ಅವಧಿಯುದ್ದಕ್ಕೂ ಪ್ರತಿ ಮಗುವಿನ ಮೇಲಿನ ಖರ್ಚು ಶೇ. 10ರಷ್ಟು ಹೆಚ್ಚಿದರೆ, ಆ ಮಕ್ಕಳು ದೊಡ್ಡವರಾದ ಮೇಲಿನ ಸಂಬಳ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಬಡ ಮನೆಗಳ ಮಕ್ಕಳಲ್ಲಿ ಈ ಲಾಭ ಇನ್ನೂ ಹೆಚ್ಚು ಎಂಬುದು ಅವರ ಫಲಿತಾಂಶ.

ಇನ್ನು ನಿಮ್ಮ ಪರಿಚಿತರ ಮಾತು. ನಾವು ಬರಿಗೈಯಲ್ಲಿ ಬಂದಿರಬಹುದು, ಬರಿತಲೆಯಲ್ಲಿ ಬಂದವರಲ್ಲ. 1965ರ ವಲಸೆ ಕಾಯ್ದೆಯೂ ಆಮೇಲಿನ ಉದ್ಯೋಗ ವೀಸಾಗಳೂ ಭಾರತದಿಂದ ಮುಖ್ಯವಾಗಿ ಪದವೀಧರರನ್ನೇ ಜರಡಿ ಹಿಡಿದು ತಂದಿವೆ. ಇಲ್ಲಿನ ಭಾರತೀಯ ವಯಸ್ಕರಲ್ಲಿ ನಾಲ್ವರಲ್ಲಿ ಮೂವರ ಕೈಯಲ್ಲಿ ಪದವಿ ಇದೆ. ಜರಡಿಯಲ್ಲಿ ಉಳಿದ ಕಾಳನ್ನು ತೋರಿಸಿ ನಮ್ಮ ಹೊಲದ ಬೆಳೆಯೇ ಹೀಗೆ ಎಂದರೆ ಅದು ನ್ಯಾಯವಲ್ಲ. ಯುದ್ಧದಿಂದ ತಪ್ಪಿಸಿಕೊಂಡು ನಿರಾಶ್ರಿತರಾಗಿ ಬಂದ ಕಾಂಬೋಡಿಯಾ, ಲಾವೋಸ್‌ಗಳ ಕುಟುಂಬಗಳ ಮಕ್ಕಳೂ ನಿಮ್ಮ ಕೋಷ್ಟಕದ "ಏಷ್ಯನ್" ಸಾಲಿನೊಳಗೇ ಇದ್ದಾರೆ. ಅವರ ಕಷ್ಟ ನಮ್ಮ ಮಕ್ಕಳ ಅಂಕಗಳ ಸರಾಸರಿಯಲ್ಲಿ ಮುಚ್ಚಿಹೋಗಿರುತ್ತದೆ. ಆ ಸಾಲನ್ನು ಬಿಡಿಸಿ ತೋರಿಸಿ ಎಂದು ಕೇಳುವ ಹಕ್ಕೂ ಹೊಣೆಯೂ ನಮಗಿದೆ. ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ವಿದ್ವಾಂಸೆ 2006ರಲ್ಲೇ ಇದನ್ನು ಸಾಧನೆಯ ಅಂತರ ಎನ್ನದೆ ಶಿಕ್ಷಣದ ಸಾಲ ಎಂದು ಕರೆಯೋಣವೆಂದು ಸೂಚಿಸಿದರು. ತಲೆಮಾರುಗಳಿಂದ ಕೊಡದೆ ಉಳಿಸಿಕೊಂಡದ್ದು ಬಾಕಿಯಾಗಿ ಬೆಳೆಯುತ್ತದೆ ಎಂಬ ಅರ್ಥದಲ್ಲಿ ಆ ಮಾತು ನನಗೆ ತುಂಬ ಸರಿಯೆನಿಸುತ್ತದೆ.

ಉತ್ತರ 2: ಗಣಿತದ ಮೇಷ್ಟ್ರು

ನಾನು ಹತ್ತೊಂಬತ್ತು ವರ್ಷಗಳಿಂದ ಅಮೆರಿಕದ ಮಿಡ್ಲ್ ಸ್ಕೂಲ್‌ನಲ್ಲಿ ಗಣಿತ ಕಲಿಸುತ್ತಿದ್ದೇನೆ. ಮೇಲಿನವರು ಗಡಿಗೆರೆಗಳ ಬಗ್ಗೆ ಬರೆದದ್ದೆಲ್ಲ ನಿಜ, ಆದರೆ ಆ ಗೆರೆಗಳನ್ನು ಅಳಿಸುವುದು ನಿಮ್ಮ ಸಮಿತಿಯ ಕೈಯಲ್ಲಿಲ್ಲ. ನಿಮ್ಮ ಮಗಳ ತರಗತಿಯ ಆ ಒಂದೇ ಒಂದು ಮಗುವಿನ ವಿಷಯ ನಿಮ್ಮ ಕೈಯಲ್ಲಿದೆ, ಅಲ್ಲಿಂದಲೇ ಆರಂಭಿಸಿ.

ಮುಂದುವರಿದ ತರಗತಿಗೆ ಮಕ್ಕಳು ಹೇಗೆ ಸೇರುತ್ತಾರೆ ಎಂದು ಕೇಳಿ ನೋಡಿ. ಬಹುತೇಕ ಕಡೆ ಶಿಕ್ಷಕರು ಹೆಸರು ಸೂಚಿಸಬೇಕು, ಇಲ್ಲವೇ ಪೋಷಕರು ಬಂದು ಕೇಳಬೇಕು. ಅತ್ತ ಕೂಸಿಗೇ ಹಾಲು ಎನ್ನುವ ಪದ್ಧತಿ ಇದು. ಯಾವ ಕಚೇರಿಗೆ ಯಾವ ತಿಂಗಳಲ್ಲಿ ಇಮೇಲ್ ಕಳುಹಿಸಬೇಕೆಂದು ಗೊತ್ತಿರುವ ಪೋಷಕರ ಮಕ್ಕಳು ಒಳಗೆ, ಎರಡು ಪಾಳಿಗಳಲ್ಲಿ ದುಡಿಯುವ ತಾಯಿಯ ಮಗು ಹೊರಗೆ. ಫ್ಲೋರಿಡಾದ ಬ್ರೋವರ್ಡ್ ಕೌಂಟಿ ಎಂಬ ಬಹು ದೊಡ್ಡ ಡಿಸ್ಟ್ರಿಕ್ಟ್ 2005ರಲ್ಲಿ ಈ ಪದ್ಧತಿಯನ್ನು ಬದಲಾಯಿಸಿತು: ಯಾರೂ ಕೇಳಲಿ ಬಿಡಲಿ, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ಪ್ರಾಥಮಿಕ ಪರೀಕ್ಷೆ ಕೊಟ್ಟು, ಅದರಲ್ಲಿ ಮುಂದಿದ್ದವರನ್ನು ಶಾಲೆಯೇ ಮುಂದಿನ ಹಂತಕ್ಕೆ ಕರೆಯಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಗಿಯುಲಿಯಾನೊ ಅವರ ಅಧ್ಯಯನದಂತೆ, ಗಿಫ್ಟೆಡ್ (ವಿಶೇಷ ಪ್ರತಿಭೆಯುಳ್ಳವರು) ಎಂದು ಗುರುತಿಸಲ್ಪಟ್ಟ ಕಪ್ಪು ಮಕ್ಕಳ ಪ್ರಮಾಣ ಶೇ. 80ರಷ್ಟು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ, ಹೆಚ್ಚಾಗಿ ಲ್ಯಾಟಿನೋ) ಮಕ್ಕಳದು ಶೇ. 130ರಷ್ಟು ಏರಿತು. ಆ ಮಕ್ಕಳು ಹಿಂದಿನ ವರ್ಷವೂ ಅದೇ ಬೆಂಚಿನ ಮೇಲೆ ಅದೇ ಬುದ್ಧಿಯೊಂದಿಗೆ ಕುಳಿತಿದ್ದರು, ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ. ಇದನ್ನು ಮೊದಲ ಸಲ ಓದಿದಾಗ ನನ್ನ ಹಳೆಯ ತರಗತಿಗಳ ಕೆಲವು ಮುಖಗಳು ಕಣ್ಣ ಮುಂದೆ ಬಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರ್ಥಿಕ ಹಿಂಜರಿತದ ನಂತರ ಹಣವಿಲ್ಲವೆಂದು ಆ ಪರೀಕ್ಷೆಯನ್ನು ಕೈಬಿಟ್ಟಾಗ ಹಳೆಯ ಅಸಮತೆಯೂ ಮರಳಿತು. ಹೀಗಾಗಿ ಒಮ್ಮೆ ಗೆದ್ದ ಕ್ರಮ ಬಜೆಟ್‌ನಲ್ಲಿ ಎಲ್ಲಿದೆ ಎಂದು ಪ್ರತಿ ವರ್ಷವೂ ನೋಡುತ್ತಿರಬೇಕಾಗುತ್ತದೆ.

ಎರಡನೆಯದಾಗಿ ಸಸ್ಪೆನ್ಷನ್ ಪಟ್ಟಿಯನ್ನು ಕೇಳಿ. ಫೆಡರಲ್ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, 2013-14ರಲ್ಲಿ ದೇಶದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ. 15.5 ಇದ್ದರೆ, ಶಾಲೆಯಿಂದ ಸಸ್ಪೆಂಡ್ ಆದವರಲ್ಲಿ ಅವರ ಪಾಲು ಸುಮಾರು ಶೇ. 39. ಒಟ್ಟು ಎಷ್ಟು ಮಂದಿ ಎಂಬುದಕ್ಕಿಂತ ಯಾವ ಕಾರಣಕ್ಕೆ ಎಂಬುದನ್ನು ನೋಡಿ. ಹೊಡೆದಾಟ, ಆಯುಧ ಇಂಥವು ಕಣ್ಣಿಗೆ ಕಾಣುವ ತಪ್ಪುಗಳು. "ಅಗೌರವ", "ಎದುರುತ್ತರ", "ಅಡ್ಡಿಪಡಿಸಿದ್ದು" ಎಂಬಂಥವು ನೋಡುವ ಕಣ್ಣಿಗೆ ತಕ್ಕಂತೆ ತಪ್ಪಾಗುವ ತಪ್ಪುಗಳು, ಅಸಮತೆ ಹೆಚ್ಚು ನುಸುಳುವುದು ಅಲ್ಲೇ. ನಾನೂ ಮೊದಲ ವರ್ಷಗಳಲ್ಲಿ ಒಂದು ಮಗುವಿನ ಪ್ರಶ್ನೆಯನ್ನು ಎದುರುತ್ತರವೆಂದು ತಿಳಿದು ಕಚೇರಿಗೆ ಕಳುಹಿಸಿದ್ದೇನೆ. ಅದೇ ಪ್ರಶ್ನೆಯನ್ನು ಇನ್ನೊಂದು ಮಗು ಕೇಳಿದಾಗ ಕುತೂಹಲವೆಂದು ಮೆಚ್ಚಿದ್ದೆ. ಹೊರಗೆ ಕಳುಹಿಸಿದ ಮಗು ಆ ಮೂರು ದಿನ ಭಿನ್ನರಾಶಿಯ ಪಾಠವನ್ನು ಕಳೆದುಕೊಂಡಿತು. ಅದು ಮತ್ತೆ ಅಂತರದ ಕೋಷ್ಟಕದಲ್ಲೇ ಕಾಣಿಸಿಕೊಳ್ಳುತ್ತದೆ.

ಶಿಕ್ಷಕರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರೌನ್ ತೀರ್ಪಿನ ನಂತರ ದಕ್ಷಿಣದಲ್ಲಿ ಕಪ್ಪು ಮಕ್ಕಳ ಶಾಲೆಗಳನ್ನು ಮುಚ್ಚಿ, ಅಲ್ಲಿನ ಸಾವಿರಾರು ಕಪ್ಪು ಶಿಕ್ಷಕರನ್ನೂ ಪ್ರಿನ್ಸಿಪಾಲರನ್ನೂ ಮನೆಗೆ ಕಳುಹಿಸಿದರು. ಅವರ ಜಾಗ ಇಂದಿಗೂ ತುಂಬಿಲ್ಲ. ಮೂರನೇ ತರಗತಿಯೊಳಗೆ ಒಬ್ಬ ಕಪ್ಪು ಶಿಕ್ಷಕರಾದರೂ ಸಿಕ್ಕ ಕಪ್ಪು ಮಕ್ಕಳು ಹೈಸ್ಕೂಲ್ ಮುಗಿಸುವ ಸಾಧ್ಯತೆ ಶೇ. 13ರಷ್ಟು, ಕಾಲೇಜು ಸೇರುವ ಸಾಧ್ಯತೆ ಶೇ. 19ರಷ್ಟು ಹೆಚ್ಚು ಎಂಬುದು ಸೇಥ್ ಗರ್ಶನ್ಸನ್ ಮತ್ತು ಸಂಗಡಿಗರ ಅಧ್ಯಯನದಿಂದ ತಿಳಿದಿದೆ. ಆ ಲೆಕ್ಕ ಟೆನೆಸಿಯಲ್ಲಿ 1985ರಲ್ಲಿ ಆರಂಭವಾದ ದೊಡ್ಡ ಪ್ರಯೋಗದ ಮಕ್ಕಳದು. ಅಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದಂತೆ ತರಗತಿಗಳಿಗೆ ಹಂಚಲಾಗಿತ್ತು, ಆದ್ದರಿಂದ ಅದನ್ನು ನಂಬಬಹುದು. ಅದೇ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳಿಂದ ಕಪ್ಪು ಮಕ್ಕಳಿಗೆ ಹೆಚ್ಚು ಲಾಭವಾದದ್ದೂ ಕಂಡುಬಂತು.

ಓದಿನ ಬಗ್ಗೆ ಒಂದೇ ಮಾತು. ಮಿಸಿಸಿಪಿ ರಾಜ್ಯ 2013ರಲ್ಲಿ ಕಾನೂನು ತಂದು, ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಕಲಿಸುವಂತೆ ಶಿಕ್ಷಕರನ್ನು ಸಿದ್ಧಗೊಳಿಸಿ, ಹಿಂದುಳಿದ ಶಾಲೆಗಳಿಗೆ ಓದಿನ ಮಾರ್ಗದರ್ಶಕರನ್ನು ಕಳುಹಿಸಿತು. ನಾಲ್ಕನೇ ತರಗತಿಯ ಓದಿನಲ್ಲಿ ಆಗ 49ನೇ ಸ್ಥಾನದಲ್ಲಿದ್ದ ಆ ಬಡ ರಾಜ್ಯ 2024ರಲ್ಲಿ 9ನೇ ಸ್ಥಾನಕ್ಕೆ ಏರಿದೆ. ಓದು ಬಾರದ ಮಕ್ಕಳನ್ನು ಮೂರನೇ ತರಗತಿಯಲ್ಲೇ ತಡೆಹಿಡಿಯುವ ಅದರ ನಿಯಮ ನನಗೆ ಒಪ್ಪಿಗೆಯಿಲ್ಲ, ಎಂಟನೇ ತರಗತಿಯಲ್ಲಿ ಏರಿಕೆ ಅಷ್ಟಾಗಿ ಕಾಣುವುದಿಲ್ಲ ಎಂಬುದೂ ನಿಜ. ಆದರೂ ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಓದನ್ನು ಯಾವ ವಿಧಾನದಲ್ಲಿ ಕಲಿಸುತ್ತಾರೆ ಎಂದು ಕೇಳದೆ ಕಾರ್ಯಾಗಾರದ ಹೆಸರು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಉತ್ತರ 3: ಕ್ಯಾಲಿಫೋರ್ನಿಯಾದ ಪೋಷಕ

ನನ್ನದೊಂದು ಆತಂಕವಿದೆ, ಅದನ್ನು ಯಾರೂ ಜನಾಂಗದ್ವೇಷವೆಂದು ತಿಳಿಯಬಾರದೆಂದು ವಿನಂತಿ. ಸಮಾನತೆಯ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2014ರಿಂದ ಎಂಟನೇ ತರಗತಿಯ ಬೀಜಗಣಿತವನ್ನೇ ತೆಗೆದುಹಾಕಿದರು. ಅನುಕೂಲವಿದ್ದವರು ಹೊರಗೆ ಹಣ ಕೊಟ್ಟು ಕಲಿಸಿಕೊಂಡರು. ಅನುಕೂಲವಿಲ್ಲದ, ಗಣಿತದಲ್ಲಿ ಆಸಕ್ತಿಯಿದ್ದ ಮಗುವಿಗೆ ದಾರಿಯೇ ಮುಚ್ಚಿತು. ಮುಂದಿನ ತರಗತಿಗಳಲ್ಲಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ಪಾಲು ಗಮನಾರ್ಹವಾಗಿ ಹೆಚ್ಚಲಿಲ್ಲವೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರೇ ತೋರಿಸಿದರು. 2024ರಲ್ಲಿ ಶಾಲಾ ಮಂಡಳಿ ಅದನ್ನು ಮರಳಿ ತರಲು ತೀರ್ಮಾನಿಸಿತು. ಮೇಲೇರಲಾಗದವರಿಗಾಗಿ ಏಣಿಯನ್ನೇ ಕಿತ್ತುಹಾಕುವುದು ಸಮಾನತೆಯೇ? ನಿಮ್ಮ ಸಮಿತಿ ಆ ದಾರಿ ಹಿಡಿಯದಂತೆ ನೋಡಿಕೊಳ್ಳಿ.

ಉತ್ತರ 4: ಗಣಿತದ ಮೇಷ್ಟ್ರು

ಸಾರ್, ನಿಮ್ಮ ಆತಂಕ ನ್ಯಾಯವಾದದ್ದು, ಗಣಿತ ಕಲಿಸುವವನಾಗಿ ನನಗೂ ಆ ನಿರ್ಧಾರ ನೋವು ತಂದಿತ್ತು. ಆದರೆ ಅದರಿಂದ ಕಲಿಯಬೇಕಾದದ್ದು ಸುಮ್ಮನಿರುವುದನ್ನಲ್ಲ. ಟೆಕ್ಸಸ್ ರಾಜ್ಯ 2023ರಲ್ಲಿ ಮಾಡಿದ ಕಾನೂನನ್ನು ನೋಡಿ: ಐದನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ. 40ರೊಳಗೆ ಬಂದ ಮಗು ಆರನೇ ತರಗತಿಯ ಮುಂದುವರಿದ ಗಣಿತಕ್ಕೆ ತಾನಾಗಿಯೇ ಸೇರುತ್ತದೆ; ಬೇಡವೆಂದರೆ ಪೋಷಕರು ಬರೆದುಕೊಡಬೇಕು. ಡಲ್ಲಾಸ್ ನಗರದ ಡಿಸ್ಟ್ರಿಕ್ಟ್ ಇಂಥ ಕ್ರಮವನ್ನು 2019ರಲ್ಲೇ ಆರಂಭಿಸಿತ್ತು. ಇಲ್ಲಿ ಏಣಿ ಇದ್ದಲ್ಲೇ ಇದೆ, ಯಾರ ಕಾಲನ್ನೂ ಎಳೆದಿಲ್ಲ. ಕೇಳಿಕೊಂಡು ಬರಬೇಕೆಂಬ ಷರತ್ತನ್ನು ಮಾತ್ರ ತೆಗೆದಿದ್ದಾರೆ. ಬ್ರೋವರ್ಡ್‌ನ ಅದೇ ಸಂಶೋಧಕರು ಇನ್ನೊಂದನ್ನೂ ಕಂಡುಕೊಂಡರು: ಗಿಫ್ಟೆಡ್ ತರಗತಿಗಳ ಖಾಲಿ ಜಾಗಗಳಿಗೆ ಹೆಚ್ಚು ಅಂಕ ಪಡೆದ ಇತರ ಮಕ್ಕಳನ್ನು ಸೇರಿಸಿದಾಗ ದೊಡ್ಡ ಲಾಭವಾದದ್ದು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ, ಆ ತರಗತಿಗೆ ಸೇರದವರಿಗೆ ಅದರಿಂದ ಹಾನಿಯಾಗಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಸೇರಿಸಿ ಕೈತೊಳೆದುಕೊಂಡರೆ ಮಗು ಎರಡನೇ ತಿಂಗಳಲ್ಲಿ ಸೋತು ಹೊರಬರುತ್ತದೆ, ಆಗ ಎಲ್ಲರೂ "ನೋಡಿದಿರಾ" ಎನ್ನುತ್ತಾರೆ. ಶಾಲೆಯ ಸಮಯದೊಳಗೇ ಹೆಚ್ಚುವರಿ ಗಣಿತದ ಒಂದು ಪೀರಿಯಡ್ ಇರಬೇಕು, ಶಾಲೆ ಬಿಟ್ಟ ಮೇಲೆ ಅಲ್ಲ, ಏಕೆಂದರೆ ಬಸ್ಸಿನಲ್ಲಿ ಹೋಗುವ ಮಕ್ಕಳು ಆಗ ಉಳಿಯಲಾರರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಸ್ಸಿನ ಆ ಒಂದು ಮಾತು ನನಗೆ ಎಂದೂ ಹೊಳೆದಿರಲಿಲ್ಲ. ನಮ್ಮ ಶಾಲೆಯ ಹೆಚ್ಚುವರಿ ಪಾಠಗಳೆಲ್ಲ ಮೂರೂವರೆಯ ನಂತರವೇ ನಡೆಯುತ್ತವೆ, ಕೊನೆಯ ಬಸ್ಸು ಮೂರೂಕಾಲಿಗೆ ಹೊರಟುಹೋಗುತ್ತದೆ.

ಮುಂದಿನ ಸಭೆಗೆ ನಾಲ್ಕು ಮಾಹಿತಿಗಳನ್ನು ಲಿಖಿತವಾಗಿ ಕೋರಿ ನಿನ್ನೆ ಪತ್ರ ಕಳುಹಿಸಿದ್ದೇನೆ. ಐದನೇ ತರಗತಿಯ ಪರೀಕ್ಷೆಯಲ್ಲಿ ಮುಂದಿದ್ದ ಮಕ್ಕಳಲ್ಲಿ ಎಷ್ಟು ಮಂದಿ, ಯಾವ ಸಮುದಾಯದವರು, ಮುಂದುವರಿದ ಗಣಿತದಲ್ಲಿ ಇಲ್ಲ ಎಂಬುದು ಮೊದಲನೆಯದು. ಕಾರಣವಾರು ಸಸ್ಪೆನ್ಷನ್ ಪಟ್ಟಿ, ಓದು ಕಲಿಸುವ ವಿಧಾನದ ವಿವರ, ಬಿಡಿಸಿ ಬರೆದ "ಏಷ್ಯನ್" ಸಾಲು ಉಳಿದ ಮೂರು. ಪರಿಚಿತರ ಜೊತೆಗೂ ಮಾತನಾಡಿದೆ. ಜರಡಿಯ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಮಗನನ್ನು ಮುಂದುವರಿದ ತರಗತಿಗೆ ಸೇರಿಸಲು ತಾವು ಮೂರು ಸಲ ಇಮೇಲ್ ಬರೆದಿದ್ದನ್ನು ನೆನಪಿಸಿಕೊಂಡರು. ಪತ್ರಕ್ಕೆ ತಮ್ಮ ಸಹಿಯನ್ನೂ ಹಾಕಿದರು. ಬರುವ ವರ್ಷದ ಗಣಿತ ತರಗತಿಗಳ ಪಟ್ಟಿ ಏಪ್ರಿಲ್ ಕೊನೆಗೆ ಅಂತಿಮವಾಗುತ್ತದಂತೆ. ಅದಕ್ಕೆ ಮೊದಲು ಸಮಿತಿ ಇನ್ನು ಎರಡೇ ಸಲ ಸೇರಲಿದೆ, ಹಾಗಾಗಿ ಮೊದಲ ಮಾಹಿತಿಯನ್ನು ಈ ತಿಂಗಳೊಳಗೇ ಕೊಡಬೇಕೆಂದು ಕೇಳಿದ್ದೇನೆ.